ಉತ್ತರ ಅಮೆರಿಕದ ಎನ್‌ಎಚ್‌ಎಲ್ ಐಸ್ ಹಾಕಿ ಲೀಗ್‌ನಲ್ಲಿ ಆಟಗಾರನ ಗಾಯವನ್ನು ಬಳಸಿ ತಂಡಗಳು ಸಂಬಳದ ಮಿತಿ ದಾಟುತ್ತಿದ್ದದ್ದು ಹೇಗೆ?

ಈ ಲೀಗ್‌ನಲ್ಲಿ ಒಂದು ತಂಡದ ಆಟಗಾರರ ಒಟ್ಟು ಸಂಬಳಕ್ಕೆ ಮಿತಿಯಿದೆ. ಒಬ್ಬ ಆಟಗಾರ ಕನಿಷ್ಠ 10 ಪಂದ್ಯ ಮತ್ತು 24 ದಿನ ಆಡಲಾಗದಷ್ಟು ಗಾಯಗೊಂಡರೆ ತಂಡ ಅವನನ್ನು ದೀರ್ಘಾವಧಿ ಗಾಯಾಳು ಪಟ್ಟಿಗೆ ಸೇರಿಸಬಹುದು. ಅವನಿಗೆ ಸಂಬಳ ಸಿಗುತ್ತಲೇ ಇರುತ್ತದೆ. ಅವನ ಜಾಗಕ್ಕೆ ಬೇರೆಯವರನ್ನು ತರಲು, ಹೆಚ್ಚೆಂದರೆ ಅವನ ಸಂಬಳದಷ್ಟು, ತಂಡ ಮಿತಿ ದಾಟಬಹುದಿತ್ತು. ಇದು ನ್ಯಾಯವೇ, ಅಲ್ವಾ?

ತೊಂದರೆ ಇದ್ದದ್ದು ಪ್ಲೇಆಫ್‌ನಲ್ಲಿ. ಅಲ್ಲಿ ಈ ಮಿತಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹಾಗಾಗಿ ಚೇತರಿಸಿಕೊಂಡ ಆಟಗಾರನೂ ಅವನ ಜಾಗಕ್ಕೆ ಬಂದವರೂ ಒಟ್ಟಿಗೇ ಆಡಬಹುದಿತ್ತು. ಟ್ಯಾಂಪಾ ಬೇ ಲೈಟ್ನಿಂಗ್‌ನ ನಿಕಿತಾ ಕುಚೆರೋವ್ ಅವರನ್ನೇ ನೋಡಿ. ಸೊಂಟದ ಶಸ್ತ್ರಚಿಕಿತ್ಸೆಯಿಂದಾಗಿ 2020-21ರ ಲೀಗ್ ಹಂತದ 56 ಪಂದ್ಯಗಳಲ್ಲಿ ಒಂದನ್ನೂ ಅವರು ಆಡಲಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯಕ್ಕೇ ಮರಳಿದರು. 23 ಪಂದ್ಯಗಳಲ್ಲಿ 32 ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವು ಸೇರಿ) ಗಳಿಸಿದರು, ತಂಡ ಲೀಗ್‌ನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಮಿತಿ ಇದ್ದದ್ದು 8.15 ಕೋಟಿ ಡಾಲರ್. ಅವರೊಬ್ಬರ ಲೆಕ್ಕವೇ 95 ಲಕ್ಷ! ಗಾಯ ನಿಜವಾದದ್ದೇ, ನಿಯಮವೂ ಮುರಿದಿರಲಿಲ್ಲ. ತಪ್ಪು ನಿಯಮದ್ದು ಅಂತಲೇ ನನ್ನ ಅಭಿಪ್ರಾಯ. ಈಗ ಲೀಗ್ ಮತ್ತು ಆಟಗಾರರ ಸಂಘದ ಹೊಸ ಒಪ್ಪಂದದಿಂದ ಅದು ಸರಿಯಾಗಿದೆ. 2025-26ರಿಂದ ಪ್ಲೇಆಫ್‌ನಲ್ಲೂ ಕಣಕ್ಕಿಳಿಯುವ 20 ಜನರ ಲೆಕ್ಕ ಮಿತಿಯೊಳಗೇ ಇರಬೇಕು.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತಂದದ್ದು ಜ್ಯಾಕ್ ಐಕೆಲ್ ಪ್ರಕರಣ. 2021ರಲ್ಲಿ ಕುತ್ತಿಗೆಗೆ ಕೃತಕ ಡಿಸ್ಕ್ ಹಾಕಿಸಿಕೊಳ್ಳಲು ಅವರು ಬಯಸಿದರು. ಅವರ ಆಗಿನ ತಂಡ ಬಫಲೋ ಸೇಬರ್ಸ್ ಒಪ್ಪಲಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ಆಗಿನ ಒಪ್ಪಂದದ ಪ್ರಕಾರ ಕೊನೆಯ ಮಾತು ತಂಡದ್ದೇ ಆಗಿತ್ತು. ವೇಗಸ್ ತಂಡಕ್ಕೆ ಹೋದ ಮೇಲೆಯೇ ಅವರಿಗೆ ಆ ಶಸ್ತ್ರಚಿಕಿತ್ಸೆ ಸಿಕ್ಕಿತು. 2023ರಲ್ಲಿ ಅದೇ ತಂಡದೊಂದಿಗೆ ಕಪ್ ಎತ್ತಿದರು.