ಬೋರ್ಡಿನ ಮೇಲಿನ ಬಟ್ಟೆ

ಪ್ರಶ್ನೆ: ನನಗೆ 52 ವರ್ಷ. ಬೆಂಗಳೂರಿನ ವಿಜಯನಗರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ 26 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಜೂನ್‌ನಲ್ಲಿ ತರಗತಿಗೆ ಸ್ಮಾರ್ಟ್ ಬೋರ್ಡ್ ಬಂತು. ಒಂದು ಮಧ್ಯಾಹ್ನ ತರಬೇತಿ ಆಯಿತು, ನನ್ನ ತಲೆಗೆ ಹತ್ತಲಿಲ್ಲ. ಮೊದಲ ದಿನವೇ ಪಾಠದ ನಡುವೆ ತೆರೆ ಕಪ್ಪಾಯಿತು. ಹಿಂದಿನ ಬೆಂಚಿನ ಹುಡುಗ ‘ಮಿಸ್, ನಾನ್ ಮಾಡ್ಲಾ?’ ಅಂತ ಬಂದು ಒಂದೇ ಗುಂಡಿ ಒತ್ತಿದ. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಅದರ ಮೇಲೆ ಬಟ್ಟೆ ಹೊದಿಸಿ ಸೀಮೆಸುಣ್ಣದಲ್ಲೇ ಪಾಠ ಮಾಡುತ್ತಿದ್ದೇನೆ. ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಸ್ಟರು ತರಗತಿ ನೋಡಲು ಬರುತ್ತಾರೆ. ರಾತ್ರಿ ನಿದ್ದೆಯಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡುಬಿಡಲೇ?

ಉತ್ತರ: ನಿವೃತ್ತಿಯ ಮಾತು ಸದ್ಯಕ್ಕೆ ಬೇಡ. ನಿದ್ದೆಗೆಟ್ಟ ರಾತ್ರಿಯಲ್ಲಿ ತೀರ್ಮಾನಿಸುವ ವಿಷಯ ಅದಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಬೋರ್ಡಿನ ಬಗ್ಗೆ ಇದ್ದದ್ದು ನಾಲ್ಕು ಸಾಲು, ಆ ನಗುವಿನ ಬಗ್ಗೆ ಒಂದು ಪುಟ (ಇಲ್ಲಿ ಮೊಟಕು ಮಾಡಿದ್ದೇನೆ). ನೋವು ಎಲ್ಲಿದೆ ಅಂತ ನೀವೇ ಬರೆದುಬಿಟ್ಟಿದ್ದೀರಿ. ಲೆಕ್ಕ ಬಾರದ ಮಗುವನ್ನು ನೀವು ಎಂದಾದರೂ ಮೊದಲ ದಿನವೇ ಎಲ್ಲರೆದುರು ಬೋರ್ಡಿಗೆ ಕಳಿಸಿದ್ದೀರಾ? ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಲೆಕ್ಕ ಕೊಟ್ಟು, ಕೈ ಪಳಗಿದ ಮೇಲೆ ತಾನೇ ಕಳಿಸುತ್ತೀರಿ? ನಿಮಗೆ ಮಾತ್ರ ಆ ಅವಕಾಶವನ್ನು ಯಾರೂ ಕೊಡಲಿಲ್ಲ. ಈಗ ನೀವೇ ಕೊಟ್ಟುಕೊಳ್ಳಿ.

ಇಡೀ ಬೋರ್ಡ್ ಕಲಿಯಲು ಹೋಗಬೇಡಿ. ಸೀಮೆಸುಣ್ಣದಿಂದ ಆಗದ ಒಂದೇ ಒಂದು ಪಾಠ ಸಾಕು. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನುವುದನ್ನೇ ತೆಗೆದುಕೊಳ್ಳಿ. ಕಪ್ಪುಹಲಗೆಯ ಮೇಲೆ ಎಷ್ಟು ಕೋನ ಬರೆಯಬಹುದು? ಮೂರು, ನಾಲ್ಕು. ಮಕ್ಕಳು ಕೋನಮಾಪಕ ಇಟ್ಟು ಅಳೆದರೆ ಒಬ್ಬರಿಗೆ 89, ಇನ್ನೊಬ್ಬರಿಗೆ 91. ಜಿಯೋಜೀಬ್ರಾ ಅನ್ನುವ ಉಚಿತ ತಂತ್ರಾಂಶವಿದೆ. ಅದರಲ್ಲಿ ಅರ್ಧವೃತ್ತ ಬರೆದು, ಅದರ ಮೇಲೊಂದು ಬಿಂದು ಇಟ್ಟು, ವ್ಯಾಸದ ಎರಡು ತುದಿಗಳಿಗೂ ಸೇರಿಸಿ, ಕೋನ ಅಳೆಯಿರಿ. ಆಮೇಲೆ ಬಿಂದುವನ್ನು ಬೆರಳಿನಿಂದ ಎಳೆಯಿರಿ. ತ್ರಿಭುಜ ಉದ್ದವಾಗುತ್ತದೆ, ಚಪ್ಪಟೆಯಾಗುತ್ತದೆ, 90 ಮಾತ್ರ ಕದಲುವುದಿಲ್ಲ. ಎಳೆಯುವ ಮೊದಲು ‘ಈಗ ಎಷ್ಟಾಗುತ್ತೆ?’ ಅಂತ ಮಕ್ಕಳನ್ನು ಕೇಳಿ. ಯಾಕೆ 90 ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ಕೇಂದ್ರದಿಂದ ಆ ಬಿಂದುವಿಗೆ ತ್ರಿಜ್ಯ ಎಳೆದು, ಎರಡು ಸಮದ್ವಿಬಾಹು ತ್ರಿಭುಜ ತೋರಿಸಿ ಸಾಧಿಸಬೇಕಾದವರು ನೀವು. ಅದಕ್ಕೆ ಸೀಮೆಸುಣ್ಣವೇ ಚೆನ್ನ.

ಇದನ್ನು ಮೊದಲು ಮನೆಯಲ್ಲಿ ಫೋನಿನಲ್ಲೇ ಮಾಡಿ, ದಿನಕ್ಕೆ ಕಾಲು ಗಂಟೆ. ನಾನು ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ಕಲಿತದ್ದು ಹೀಗೆಯೇ. ಒತ್ತಕ್ಷರಕ್ಕೆ ಎಫ್ ಕೀ ಒತ್ತಬೇಕು ಅನ್ನುವುದು ಬೆರಳಿಗೆ ಹತ್ತುವವರೆಗೆ ‘ಅಮ್ಮ’ ಅಂತ ಬರೆಯಲೂ ಹುಡುಕಬೇಕಿತ್ತು. ಮೂರನೇ ವಾರಕ್ಕೆ ಕೈ ತಾನಾಗಿ ಹೋಯಿತು.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಆ್ಯಪ್‌ನಲ್ಲಿ ಸಿಗುವ ವಿಡಿಯೊಗಳನ್ನು ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ, ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ. ಕರೆಂಟ್ ಹೋದರೆ ಕಪ್ಪುಹಲಗೆ ಇದ್ದೇ ಇದೆ.

ಆ ಹುಡುಗನ ವಿಷಯ. ಅವನು ನಿಮ್ಮನ್ನು ಹಂಗಿಸಲು ಎದ್ದು ಬರಲಿಲ್ಲ, ಕೇಳಿಯೇ ಬಂದ. ಅವನನ್ನು ಕರೆದು ‘ಆವತ್ತು ಯಾವ ಗುಂಡಿ ಒತ್ತಿದೆಯಪ್ಪಾ, ತೋರಿಸು’ ಅನ್ನಿ. ಈ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಗೊತ್ತು. ಆದರೂ ಕೇಳಿ. ಹಿಂದಿನ ಬೆಂಚಿನ ಮಗುವಿಗೆ ಗಣಿತದ ಮಿಸ್‌ಗೆ ಏನಾದರೂ ಹೇಳಿಕೊಡುವ ಅವಕಾಶ ಎಷ್ಟು ಸಲ ಸಿಕ್ಕೀತು?

ಹೆಡ್‌ಮಾಸ್ಟರಿಗೆ ಮುಂಚಿತವಾಗಿಯೇ ‘ಸರ್, ಕಲಿಯುತ್ತಿದ್ದೇನೆ, ವೃತ್ತದ ಪಾಠಕ್ಕೆ ಬನ್ನಿ’ ಅಂತ ಹೇಳಿಬಿಡಿ. ಇಷ್ಟಾದರೂ ನಿದ್ದೆ ಬಾರದಿದ್ದರೆ ಮುಚ್ಚಿಟ್ಟುಕೊಳ್ಳಬೇಡಿ. ವೈದ್ಯರನ್ನು ನೋಡಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಒಬ್ಬರೇ ಉಳಿದುಕೊಳ್ಳಿ. ಬೋರ್ಡನ್ನು ಐದು ಸಲ ಆರಿಸಿ, ಐದು ಸಲ ಹಚ್ಚಿ. ಹೊರಡುವಾಗ ಆ ಬಟ್ಟೆಯನ್ನು ಮಡಚಿ ಮನೆಗೆ ತೆಗೆದುಕೊಂಡು ಹೋಗಿ.