ಮೊದಲು ಆಪರೇಷನ್ ಕಾಗದ ತರಿಸಿಕೊಳ್ಳಿ

ಓದುಗರೊಬ್ಬರ ಪತ್ರ: ಮೊದಲ ಬಸಿರಿನಲ್ಲಿ ಏಳು ತಿಂಗಳಿಗೇ ಬಿಪಿ ವಿಪರೀತ ಏರಿ ತುರ್ತಾಗಿ ಸಿಸೇರಿಯನ್ ಆಯಿತು. ಮಗುವಿಗೆ ಈಗ ಮೂರು ವರ್ಷ. ಇನ್ನೊಂದು ಬೇಕೆಂಬ ಆಸೆ ಇದೆ. ‘ಒಂದು ಸಲ ಕೊಯ್ದರೆ ಮುಂದೆಲ್ಲ ಕೊಯ್ಯೋದೇ’ ಅಂತ ಮನೆಯಲ್ಲಿ ಹೇಳುತ್ತಾರೆ. ನನ್ನ ಹೊಲಿಗೆ ಅಡ್ಡಕ್ಕಿದೆ. ಹಾಗಾಗಿ ಈ ಸಲ ನಾರ್ಮಲ್ ಹೆರಿಗೆಗೆ ತೊಂದರೆ ಇಲ್ಲ ಅಲ್ವಾ?

ಸಂಪಾದಕರ ಉತ್ತರ: ಬಸಿರಾದ ಮೇಲೆ ಗಾಬರಿಯಿಂದ ಬರೆಯುವವರೇ ಜಾಸ್ತಿ. ನೀವು ಅದಕ್ಕೂ ಮುಂಚೆ ಕೇಳಿದ್ದೀರಿ, ತುಂಬಾ ಒಳ್ಳೆಯದಾಯಿತು.

ಮನೆಯವರು ಹೇಳುವ ಮಾತಿಗೆ ನೂರು ವರ್ಷ ದಾಟಿದೆ. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರಾಗಿನ್ ಬರೆದದ್ದು ಅದು. ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಮುಂದಿನ ಹೆರಿಗೆ ನೋವಿನಲ್ಲಿ ಆ ಗಾಯ ಬಿರಿಯುವ ಭಯ ಇತ್ತು. ಅದಕ್ಕೇ, ಮೊದಲನೆಯ ಸಿಸೇರಿಯನ್ನನ್ನು ಸುಮ್ಸುಮ್ನೆ ಮಾಡಬೇಡಿ ಅಂತ ಆತ ವೈದ್ಯರಿಗೆ ಹೇಳಿದ್ದು. ವೈದ್ಯರಿಗೆ ಹೇಳಿದ ಎಚ್ಚರಿಕೆಯನ್ನು ಹೆಂಗಸರ ತಲೆಗೆ ಕಟ್ಟಿಬಿಟ್ಟರು. 1920ರ ದಶಕದಲ್ಲಿ ಗ್ಲ್ಯಾಸ್ಗೋದ ಮನ್ರೋ ಕೆರ್ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ಯುವುದನ್ನು ಬಳಕೆಗೆ ತಂದರು. ಇವತ್ತು ಹೆಚ್ಚಿನವರಿಗೆ ಮಾಡುವುದು ಅದನ್ನೇ. ಅಂಥ ಒಂದೇ ಸಿಸೇರಿಯನ್ ಆಗಿ, ಮುಂದಿನ ಸಲ ಸಹಜ ಹೆರಿಗೆಗೆ ಪ್ರಯತ್ನಿಸಿದ ನೂರರಲ್ಲಿ ಸುಮಾರು 60ರಿಂದ 80 ಮಂದಿಗೆ ಅದು ಆಗುತ್ತದೆ. ಹಳೆ ಗಾಯ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ.

ಆದರೆ ಹೊಲಿಗೆಯ ವಿಷಯಕ್ಕೆ ನಿಮ್ಮನ್ನು ಸ್ವಲ್ಪ ಬೈಯಬೇಕು. ನಿಮಗೆ ಕಾಣುವುದು ಚರ್ಮದ ಹೊಲಿಗೆ. ಒಳಗೆ ಗರ್ಭಕೋಶವನ್ನು ಹೇಗೆ ಕೊಯ್ದರು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಏಳು ತಿಂಗಳಿಗೆ ಗರ್ಭಕೋಶದ ಕೆಳಭಾಗ ಇನ್ನೂ ಸರಿಯಾಗಿ ಹಿಗ್ಗಿರುವುದಿಲ್ಲ. ಹಾಗಾಗಿ ಹೊರಗೆ ಅಡ್ಡ ಕೊಯ್ದು ಒಳಗೆ ಉದ್ದಕ್ಕೆ ಕೊಯ್ಯಬೇಕಾಗಿ ಬರುವುದುಂಟು. ಹಾಗೆ ಆಗಿದ್ದರೆ ನೋವು ಬರುವವರೆಗೆ ಕಾಯುವಂತಿಲ್ಲ, ಮೊದಲೇ ದಿನ ಗೊತ್ತು ಮಾಡಿ ಆಪರೇಷನ್ನೇ ಮಾಡಬೇಕು. ಇದನ್ನು ಹೇಳುವುದು ಒಂದೇ ಒಂದು ಕಾಗದ: ಆಪರೇಷನ್ ಮಾಡಿದ ವೈದ್ಯರು ಬರೆದಿಟ್ಟ ಟಿಪ್ಪಣಿ. ಡಿಸ್ಚಾರ್ಜ್ ಚೀಟಿ ಸಾಲದು.

ನನ್ನ ಹತ್ತಿರದ ಬಂಧುವೊಬ್ಬರ ಡಿಸ್ಚಾರ್ಜ್ ಚೀಟಿ ನೋಡಿದ್ದೇನೆ. ಬಿಲ್ಲಿನಲ್ಲಿ ಹತ್ತಿ, ಗ್ಲೌಸು, ಸೂಜಿಯವರೆಗೆ ಪುಟಗಟ್ಟಲೆ ಲೆಕ್ಕ ಇತ್ತು. ಆಪರೇಷನ್ ಬಗ್ಗೆ ಮಾತ್ರ ಒಂದೇ ಸಾಲು, ‘ಸಿಸೇರಿಯನ್ ಮಾಡಲಾಗಿದೆ, ತಾಯಿ ಮಗು ಕ್ಷೇಮ’. ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಇಷ್ಟು ಹೇಳಿದರೆ ಸಾಕಾ? ನೀವು ಸಂಕೋಚ ಬಿಟ್ಟು ಆ ಟಿಪ್ಪಣಿಯ ಪ್ರತಿ ಕೇಳಿ. ಅದು ನಿಮ್ಮ ದೇಹದ ದಾಖಲೆ.

ಮತ್ತೆ ಆಪರೇಷನ್ನೇ ಇರಲಿ ಅನ್ನುವವರು ತಪ್ಪು ಅಂತ ನಾನು ಹೇಳುವುದಿಲ್ಲ. ದಿನ ಮೊದಲೇ ಗೊತ್ತಿರುತ್ತದೆ, ಬಿರಿಯುವ ಭಯ ತೀರಾ ಕಡಿಮೆ. ಆದರೆ ಸಹಜ ಹೆರಿಗೆ ಬೇಕು ಅನ್ನುವವಳನ್ನು ಹಟಮಾರಿ ಅನ್ನುವುದು ನನಗೆ ಸಹಿಸುವುದಿಲ್ಲ. ಪ್ರತಿ ಸಿಸೇರಿಯನ್ ಮುಂದಿನ ಬಸಿರಿಗೂ ಒಂದು ಬಾಕಿ ಉಳಿಸಿ ಹೋಗುತ್ತದೆ. ಗರ್ಭದ ಬಾಯಿಗೆ ಅಡ್ಡವಾಗಿ ಮಾಸು ಕೂತರೆ, ಹಿಂದೆ ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಅದು ಗರ್ಭಕೋಶದ ಗೋಡೆಗೆ ಅಂಟಿಬಿಡುತ್ತದೆ. ಎರಡು ಆಗಿದ್ದರೆ ಸುಮಾರು 40 ಮಂದಿಗೆ. ಆಗ ರಕ್ತ ಹೋಗುವುದು ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಇದನ್ನು ಎಷ್ಟು ಜನಕ್ಕೆ ಮುಂಚಿತವಾಗಿ ಹೇಳುತ್ತಾರೆ?

ಹೆರಿಗೆಗೆ ಆರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಮಧ್ಯರಾತ್ರಿಯೂ ತುರ್ತು ಆಪರೇಷನ್ ಆಗಬೇಕು, ರಕ್ತ ಸಿಗಬೇಕು. ನೋವಿನುದ್ದಕ್ಕೂ ಮಗುವಿನ ಎದೆಬಡಿತದ ಮೇಲೆ ಕಣ್ಣಿಟ್ಟಿರಬೇಕು. ಗಾಯ ಬಿರಿಯುವ ಸುಳಿವು ಹೆಚ್ಚಾಗಿ ಮೊದಲು ಸಿಗುವುದೇ ಅಲ್ಲಿ. ನೋವು ಬರಿಸಲು ಮಿಸೊಪ್ರೊಸ್ಟಾಲ್ ಗುಳಿಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಸಿಸೇರಿಯನ್ ಆದವರ ಹೆರಿಗೆಯಲ್ಲಿ ಅದನ್ನು ಬಳಸುವಂತಿಲ್ಲ.

ಇಷ್ಟಾದರೂ ನನಗೆ ಚಿಂತೆ ಇರುವುದು ನಿಮ್ಮ ಬಿಪಿಯದ್ದು. ನೀವು ಅದರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಿಮಗೆ ಆದದ್ದು ಪ್ರಿಎಕ್ಲಾಂಪ್ಸಿಯಾ ಇರಬಹುದು, ಅಂದರೆ ಬಸಿರಿನಲ್ಲಿ ಬಿಪಿ ಏರಿ ಮೂತ್ರಪಿಂಡದಂಥ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ. ಅದರಿಂದಾಗಿ 34 ವಾರಕ್ಕೂ ಮೊದಲೇ ಹೆರಿಗೆಯಾದವರಲ್ಲಿ ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಅದು ಮತ್ತೆ ಬರುವ ಸಾಧ್ಯತೆ ತಗ್ಗಿಸಲು ಬಸಿರಿನ 12ನೇ ವಾರದಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ತಡವಾಗಿ ಶುರು ಮಾಡಿದರೆ ಅಷ್ಟು ಪ್ರಯೋಜನ ಇಲ್ಲ. ಈಗ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ. ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಬಸಿರಿಗೆ ಆಗಿಬರುವುದಿಲ್ಲ, ಮೊದಲೇ ಬದಲಾಯಿಸಬೇಕು.

ನಿಮ್ಮ ಬಿಪಿಯನ್ನು ಕೊನೆಯ ಸಲ ನೋಡಿದ್ದು ಯಾವಾಗ? ಮಗುವಿನ ಲಸಿಕೆಗೆ ಕಾರ್ಡು ಇದೆ, ತೂಕಕ್ಕೆ ಪಟ್ಟಿ ಇದೆ. ಅದೇ ಮಗುವನ್ನು ಎತ್ತಿಕೊಂಡು ಲಸಿಕೆ ಕೋಣೆಯಲ್ಲಿ ಕೂತ ತಾಯಿಯ ತೋಳಿಗೆ ಬಿಪಿ ಪಟ್ಟಿ ಸುತ್ತುವವರು ಯಾರೂ ಇಲ್ಲ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಂಥವಳಿಗೆ ‘ಇನ್ನೊಂದು ಯಾವಾಗ?’ ಅಂತ ಕೇಳುವವರು ಮನೆ ತುಂಬ ಇರುತ್ತಾರೆ, ‘ಬಿಪಿ ಎಷ್ಟಿದೆ?’ ಅನ್ನುವವರು ಸಿಗುವುದಿಲ್ಲ. ಹೆರಿಗೆ ಮುಗಿದ ಮೇಲೆ ಹೆತ್ತವಳನ್ನು ಹೀಗೆ ಕೈಬಿಡುವುದು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ.

ಅಂತರದ ಚಿಂತೆ ನಿಮಗಿಲ್ಲ. ಎರಡು ವರ್ಷ ಬಿಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನೀವು ಅದನ್ನು ದಾಟಿದ್ದೀರಿ. ಈ ವಾರವೇ ಬಿಪಿ ನೋಡಿಸಿ, ಆಸ್ಪತ್ರೆಗೆ ಅರ್ಜಿ ಕೊಡಿ. ಟಿಪ್ಪಣಿ ಕೊಡಲು ಸತಾಯಿಸಿದರೆ ನಮಗೆ ಬರೆಯಿರಿ.