ಸ್ಪೈನಲ್ ಇಂಜೆಕ್ಷನ್‌ಗೆ ಬೆರೆಸಿದ ಔಷಧಿಯಿಂದ ನರ ಹಾಳಾಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕುಮಟಾದಲ್ಲಿ ಅಕ್ಕನಿಗೆ ಸಿಸೇರಿಯನ್ ಆಗಿ ಹನ್ನೊಂದು ದಿನ. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ಗೆ ಇನ್ನೊಂದು ಔಷಧಿಯನ್ನೂ ಸೇರಿಸಿದ್ದೇವೆ ಅಂದಿದ್ದರು. ಸಂಜೆಗೆ ಕಾಲು ಆಡಿತು, ನೋವು ಮಾತ್ರ ಮಾರನೇ ದಿನದವರೆಗೆ ಬರಲಿಲ್ಲ. ರಾತ್ರಿಯಿಡೀ ಮೂಗು, ಮುಖ ತುರಿಸಿತು, ನರ್ಸ್ ಪದೇ ಪದೇ ಬಂದು ಉಸಿರು ಎಣಿಸಿದರು. ಈಗ ಬಲತೊಡೆಯ ಹೊರಮಗ್ಗುಲಲ್ಲಿ ಅಂಗೈಯಗಲ ಜಾಗ ಮರಗಟ್ಟಿದೆ. ಬೆರೆಸಿದ ಔಷಧಿ ನರ ಕೆಡಿಸಿತೇ?

ನಾನು ಶಿರಸಿಯಲ್ಲಿ ಅರಿವಳಿಕೆ ವೈದ್ಯೆ. ಕರೆ ಬಂದರೆ ದೇವಿಮನೆ ಘಟ್ಟ ಇಳಿದು ಕರಾವಳಿಯ ಆಸ್ಪತ್ರೆಗಳಿಗೂ ಹೋಗುತ್ತೇನೆ. ನೀವು ಬರೆದದ್ದನ್ನು ನೋಡಿದರೆ ಆ ಮರಗಟ್ಟಿದ ಜಾಗಕ್ಕೂ ಆ ಔಷಧಿಗೂ ಸಂಬಂಧ ಇದ್ದಂತೆ ಕಾಣುವುದಿಲ್ಲ.

ಸ್ಪೈನಲ್‌ನ ಮುಖ್ಯ ಔಷಧಿ ಬುಪಿವಕೇನ್. ಓಟಿಯಲ್ಲಿ ‘ಹೆವಿ’ ಅನ್ನುತ್ತೇವೆ, ಗ್ಲೂಕೋಸ್ ಸೇರಿಸಿ ಬೆನ್ನುಹುರಿಯ ಸುತ್ತಲಿನ ನೀರಿಗಿಂತ ಭಾರ ಮಾಡಿರುತ್ತಾರೆ. ಸಿಸೇರಿಯನ್‌ಗೆ 2 ಮಿಲಿ ಆಸುಪಾಸು ಸಾಕು. ಅದು ನರದ ಎಳೆಗಳಲ್ಲಿ ಸೋಡಿಯಂ ಒಳಹೋಗುವ ದಾರಿ ಮುಚ್ಚುತ್ತದೆ, ಸುದ್ದಿ ಅಲ್ಲಿಗೇ ನಿಲ್ಲುತ್ತದೆ. ತಂಪು, ನೋವು ತಿಳಿಸುವ ತೆಳ್ಳಗಿನ ಎಳೆಗಳು ಮೊದಲು ಸೋಲುತ್ತವೆ, ದಪ್ಪನೆಯವು ಆಮೇಲೆ. ಸ್ಪಿರಿಟ್ ಅದ್ದಿದ ಹತ್ತಿಯನ್ನು ಹೊಟ್ಟೆಗೆ ತಾಗಿಸಿ ‘ತಣ್ಣಗಿದೆಯಾ ಅಮ್ಮಾ?’ ಅಂತ ಕೇಳುತ್ತೇನೆ. ‘ಮುಟ್ಟಿದ್ದು ಗೊತ್ತಾಗ್ತದೆ, ತಣ್ಣಗಿಲ್ಲ’ ಅಂದರೆ ಔಷಧಿ ಹಿಡಿಯತೊಡಗಿದೆ ಅಂತ ಲೆಕ್ಕ.

ಹೆವಿಯನ್ನೇ ಜಾಸ್ತಿ ಕೊಡಬಹುದಲ್ಲ ಅಂದರೆ, ಮರಗಟ್ಟುವುದು ಬೇಕಾದದ್ದಕ್ಕಿಂತ ಮೇಲಕ್ಕೆ ಏರುತ್ತದೆ, ಬಿಪಿ ಬೀಳುತ್ತದೆ, ವಾಂತಿ ಶುರುವಾಗುತ್ತದೆ. ಅದಕ್ಕೇ ಫೆಂಟನಿಲ್ ಅಥವಾ ಮಾರ್ಫಿನ್ ಎಂಬ ನೋವು ತಡೆಯುವ ಔಷಧಿ ಸೇರಿಸುವುದು. ಫೆಂಟನಿಲ್ ಆದರೆ 10ರಿಂದ 25 ಮೈಕ್ರೋಗ್ರಾಂ, ಮಾರ್ಫಿನ್ ಆದರೆ 100ರಿಂದ 150. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ, ಎಷ್ಟು ಕಡಿಮೆ ನೋಡಿ. ಇವು ನರದ ಎಳೆಗೆ ಕೈ ಹಾಕುವುದಿಲ್ಲ. ನೋವಿನ ಸುದ್ದಿ ಬೆನ್ನುಹುರಿಯೊಳಗೆ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಕಟ್ಟೆಯಲ್ಲಿ ಕೂತು, ದಾಟುವುದನ್ನು ತಡೆಯುತ್ತವೆ. ನಮ್ಮ ಅಘನಾಶಿನಿ ಹೊಳೆಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗೆ, ಬಾಗಿಲು ಹಾಕಿ ಉಪ್ಪುನೀರು ತಡೆದಂತೆ. ಬುಪಿವಕೇನ್ ಕಾಲುವೆಗೇ ಮಣ್ಣು ಕಟ್ಟುತ್ತದೆ, ಕೆಲವು ಗಂಟೆಗೆ ಆ ಮಣ್ಣು ಕರಗಿ ಕಾಲು ಆಡುತ್ತದೆ. ಮಾರ್ಫಿನ್ ಹಾಕಿದ ಬಾಗಿಲು 18–24 ಗಂಟೆಯೂ ನಿಲ್ಲಬಹುದು. ಕಾಲಿಗೆ ಶಕ್ತಿ ಬಂದರೂ ಹೊಲಿಗೆ ನೋಯದೇ ಇದ್ದದ್ದು ಹಾಗೆ. ಫೆಂಟನಿಲ್ ಕೆಲವೇ ಗಂಟೆಯದ್ದು, ಆದ್ದರಿಂದ ನಿಮ್ಮ ಅಕ್ಕನಿಗೆ ಸೇರಿಸಿದ್ದು ಮಾರ್ಫಿನ್ ಅಥವಾ ಅದರಂಥ ದೀರ್ಘಕಾಲದ್ದೇ ಇರಬೇಕು. ಕೇಸ್ ಶೀಟ್‌ನಲ್ಲಿ ಬರೆದಿರುತ್ತಾರೆ, ಕೇಳಿ.

ತುರಿಕೆಯೂ ಅದರದ್ದೇ, ಅಲರ್ಜಿ ಅಲ್ಲ. ಅಲರ್ಜಿಗೆ ಕೊಡುವ ಏವಿಲ್ ಕೊಟ್ಟರೆ ನಿದ್ದೆ ಬರುತ್ತದೆ, ತುರಿಕೆ ಅಷ್ಟಾಗಿ ಹೋಗುವುದಿಲ್ಲ. ತಡೆಯಲಾಗದಿದ್ದರೆ ಮಾರ್ಫಿನ್‌ನ ಪ್ರಭಾವ ತಗ್ಗಿಸುವ ಔಷಧಿ, ಸ್ವಲ್ಪವೇ ನಾಲೋಕ್ಸೋನ್ ಅಥವಾ ನಾಲ್ಬುಫಿನ್ ಕೊಡಬೇಕು. ಮಾರ್ಫಿನ್ ಬೆನ್ನುಹುರಿಯ ನೀರಿನಲ್ಲಿ ನಿಧಾನಕ್ಕೆ ಮೇಲೇರಿ, ಅಪರೂಪಕ್ಕೆ, ಗಂಟೆಗಳ ನಂತರ ಉಸಿರನ್ನು ಮಂದ ಮಾಡಬಲ್ಲದು. ಆ ನರ್ಸ್ ನಿದ್ದೆಗೆಟ್ಟು ಉಸಿರು ಎಣಿಸಿದ್ದು ಅದಕ್ಕೇ. ಅವರಿಗೊಂದು ನಮಸ್ಕಾರ ಹೇಳಿ.

ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಎಂಬ ಬೇರೆ ಜಾತಿಯವೂ ಇವೆ. ಅವು ನೋವಿನ ಜೊತೆ ಕಾಲಿನ ಮರಗಟ್ಟುವಿಕೆಯನ್ನೂ ಉದ್ದ ಮಾಡುತ್ತವೆ, ಬಿಪಿ, ನಾಡಿಬಡಿತ ಇಳಿಸುತ್ತವೆ. ಸೊಂಟ ಮುರಿದ ಅಜ್ಜನಿಗೆ ಒಮ್ಮೊಮ್ಮೆ ಯೋಚಿಸುತ್ತೇನೆ. ಮಗುವನ್ನು ಎತ್ತಿಕೊಳ್ಳಲು ಕಾಯುವ ತಾಯಿಯ ಕಾಲನ್ನು ಹೆಚ್ಚು ಹೊತ್ತು ಕಟ್ಟಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ನಿಜಕ್ಕೂ ಹೆದರಿಕೆ ಇರುವುದು ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಅದಲುಬದಲಾಗುವುದರ ಬಗ್ಗೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ತಪ್ಪಿ ಬೆನ್ನಿಗೆ ಹೋದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿತ್ತು. ಹಾಗಾಗಿ ಸಿರಿಂಜ್‌ಗೆ ಎಳೆಯುವ ಮೊದಲು ಸಿಸ್ಟರ್ ಹತ್ತಿರ ಹೆಸರನ್ನು ಜೋರಾಗಿ ಓದಿಸುತ್ತೇನೆ, ನಾನೂ ಓದುತ್ತೇನೆ. ಬೆರೆಸುವ ಔಷಧಿಯಲ್ಲಿ ಕೆಡದಂತೆ ಹಾಕುವ ರಾಸಾಯನಿಕ ಇರಬಾರದು, ನರಕ್ಕೆ ಅದರಿಂದಲೂ ಪೆಟ್ಟಾಗಬಹುದು.

ಈಗ ಅಕ್ಕನ ತೊಡೆ. ಹೊರಮಗ್ಗುಲ ಆ ಜಾಗದ ಸ್ಪರ್ಶ ಒಂದೇ ನರದ್ದು. ಅದು ತೊಡೆಸಂದಿಯ ಪಟ್ಟಿಯ ಕೆಳಗೆ ನುಸುಳಿ ಬರುತ್ತದೆ. ಬಸಿರಿನ ಭಾರಕ್ಕೆ, ಮಲಗಿದ ಭಂಗಿಗೆ, ಬಿಗಿಯಾಗಿ ಕಟ್ಟಿದ ಸೊಂಟದ ಬಟ್ಟೆಗೆ ಅಲ್ಲಿ ಒತ್ತಿಹೋಗುತ್ತದೆ. ಸ್ಪೈನಲ್ ಇಲ್ಲದೆ ಹೆತ್ತವರಲ್ಲೂ ನೋಡಿದ್ದೇನೆ. ಈ ನರ ಯಾವ ಸ್ನಾಯುವನ್ನೂ ಆಡಿಸುವುದಿಲ್ಲ, ಹಾಗಾಗಿ ಕಾಲು ಸೋಲುವುದಿಲ್ಲ. ಸಾಮಾನ್ಯವಾಗಿ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ತಾನೇ ಸರಿಹೋಗುತ್ತದೆ. ಬಾಣಂತಿಗೆ ಹೊಟ್ಟೆ ಬಿಗಿದು ಕಟ್ಟುವುದನ್ನು ಸದ್ಯಕ್ಕೆ ಸಡಿಲ ಮಾಡಿ.

ಮನೆಯಲ್ಲೇ ಒಮ್ಮೆ ನೋಡಿ. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಡಲಿ, ಒಂದು ಮೆಟ್ಟಿಲು ಹತ್ತಲಿ. ಎರಡೂ ಕಾಲು ಸಮವಾಗಿದ್ದರೆ, ಹೊಲಿಗೆ ತೋರಿಸಲು ಹೋದಾಗ ತೊಡೆಯನ್ನೂ ತೋರಿಸಿದರೆ ಸಾಕು. ಕಾಲು ಕುಸಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಜ್ವರದ ಜೊತೆ ಬೆನ್ನು ವಿಪರೀತ ನೋಯತೊಡಗಿದರೆ ಬೆಳಗಾಗಲು ಕಾಯಬೇಡಿ, ಆ ರಾತ್ರಿಯೇ ಗಾಡಿ ಹತ್ತಿಸಿ.